ಅಂತೆ ಇಲ್ಲದ ಅಧ್ಯಾಯ

ಚೋರುಮ್‌ನ ಗಡಿಯಾರ ಗೋಪುರ ಒಂಬತ್ತು ಹೊಡೆದ ಮೇಲೆ
ಔಷಧದಂಗಡಿಯ ಶಟರು ಅರ್ಧ ಇಳಿಸಿ
ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂತು ಬರೆಯುತ್ತೇನೆ,
ಮೂರು ಸಾವಿರದ ಮುನ್ನೂರು ವರ್ಷ ಹಿಂದಿನ ಒಬ್ಬ ತಾಯಿಯನ್ನು.
ಅರ್ಪವಿಯ. ಹೆಸರು ನಾನೇ ಇಟ್ಟದ್ದು.
ಅವಳೂರು ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ;
ಈಗ ಅಡಿಪಾಯದ ಕಲ್ಲು, ಸಿಂಹದ್ವಾರ, ಟಿಕೆಟ್ ಕಿಟಕಿ.

ಅವಳ ಮನೆಯ ಹೂಜಿ ನನಗೆ ಗೊತ್ತು,
ಕೊಕ್ಕಿನಂಥ ಮೂತಿ, ಮ್ಯೂಸಿಯಮ್ಮಿನಲ್ಲಿ ಗೇಣು ಹಾಕಿ ಅಳೆದಿದ್ದೇನೆ
ಗಾಜಿನ ಈಚೆಯಿಂದ.
ಬಾರ್ಲಿ ರೊಟ್ಟಿ ಗೊತ್ತು,
ಜೋಡಿನ ತುದಿ ಮೇಲಕ್ಕೆ ಬಾಗಿದ್ದು ಗೊತ್ತು.
ತಲೆಯೊಳಗೆ ಏನಿತ್ತು ಎಂಬಲ್ಲಿ ಮಾತ್ರ
ಪ್ರತಿ ಸಲ ನಾನೇ ಹೋಗಿ ಕೂತುಬಿಡುತ್ತೇನೆ,
ಬಿಳಿ ಕೋಟು ತೊಟ್ಟುಕೊಂಡು.

ಏಳನೇ ಅಧ್ಯಾಯ. ಊರಿಗೆ ಬೇನೆ ಬಂದಿದೆ.
ಮಗ ಹಾಸಿಗೆ ಹಿಡಿದಿದ್ದಾನೆ.
ಮುನಿದು ಹೋದ ದೇವರನ್ನು ಕರೆತರಲು
ಅವಳು ಹೊಳೆದಂಡೆಯಲ್ಲಿ ದಾರಿ ಎಳೆಯಬೇಕು:
ಹಿಟ್ಟಿನದೊಂದು, ಎಣ್ಣೆಯದೊಂದು, ಜೇನಿನದೊಂದು.
ಬರೆದೆ: ಈ ದಾರಿಯಲ್ಲಿ ದೇವರು ಬರುತ್ತಾನೆಂದು ಅವಳು ನಂಬಿದ್ದಳು.

ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಯಿತು.
ನೀರು ಒದ್ದೆ ಎಂದು ಯಾರಾದರೂ ನಂಬುತ್ತಾರೆಯೇ?
ಹೊಡೆದುಹಾಕಿ ಬರೆದೆ: ಬರುತ್ತಾನಂತೆ.
ಅದಿನ್ನೂ ಕೆಟ್ಟದು. ಈ ‘ಅಂತೆ’ ಇದೆಯಲ್ಲ,
ನಮ್ಮ ಮಾತಿಗಂಟಿದ ಬಾಲ,
ಕಂಡದ್ದಲ್ಲ ಕೇಳಿದ್ದು ಎಂದು ಕೈತೊಳೆದುಕೊಳ್ಳುವ ಬಾಲ,
ಅಂತೆಕಂತೆಯ ಸಂತೆಯಲ್ಲಿ ಬೆಳೆದವಳು ನಾನು,
ಅವಳಲ್ಲ.

ಇಸ್ತಾಂಬುಲಿನಿಂದ ಪ್ರಕಾಶಕ ಫೆರಿದುನ್ ಫೋನು ಮಾಡುತ್ತಾನೆ:
“ಮ್ಯೂಝೆಯ್ಯೆನ್ ಹಾನಮ್, ಅವಳಿಗೊಂದಿಷ್ಟು ಅನುಮಾನ ಕೊಡಿ.
ಓದುವವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕು.”

ಅವತ್ತೇ ರಾತ್ರಿ ಶಟರಿನಡಿ ಬಗ್ಗಿ ದುದು ಅಜ್ಜಿ ಬಂದಳು,
ಹೆಗಲ ಮೇಲೆ ಮೊಮ್ಮಗ, ಮೂವತ್ತೊಂಬತ್ತೂವರೆ ಡಿಗ್ರಿ.
“ಸಂಜೆ ಸೀಸ ಕರಗಿಸಿ ನೀರಿಗೆ ಹೊಯ್ದೆ,
ಕಣ್ಣಾಗಿ ಬಂತು ಮಗಳೇ, ಪಾಪೆ ಸಮೇತ.
ಈಗ ನಿನ್ನ ಸಿರಪ್ಪು ಕೊಡು.”
ಅಳೆದು ಕುಡಿಸುತ್ತ ಕೇಳಿದೆ:
ಜ್ವರ ಯಾವುದರಿಂದ ಇಳಿಯುತ್ತದೆ ಅಂತೀಯ, ಸೀಸವೋ, ಇದೋ?
ಯಾವ ಕಾಲಿನಲ್ಲಿ ನಡೆದು ಬಂದೆ ಎಂದು ಕೇಳಿದವಳನ್ನು ನೋಡುವ ಹಾಗೆ
ನನ್ನನ್ನು ನೋಡಿದಳು.
ಚಿಲ್ಲರೆ ಎಣಿಸಿಕೊಂಡು ಹೋದಳು.

ಮೂರನೇ ರಾತ್ರಿ ಅರ್ಪವಿಯಳ ಮಗ ಸತ್ತ.
ನನ್ನ ಪೆನ್ನು ಕಾದು ನಿಂತಿತ್ತು,
ಇನ್ನೇನು ಆಕಾಶಕ್ಕೆ ಬೆನ್ನು ತಿರುಗಿಸುತ್ತಾಳೆ ಎಂದು.
ಕರುಳು ಚುರ್ರೆನ್ನುವುದು ನನಗೆ ನುಡಿಗಟ್ಟು;
ಅವಳಿಗೆ ವರದಿ.
ಒಳಗಿನಿಂದ ಯಾರೋ ಹೇಳಿದರು, ಅವಳು ಕೇಳಿಸಿಕೊಂಡಳು:
ಎಣ್ಣೆಯ ದಾರಿ ಕಲ್ಲಿನ ಬಳಿ ಸೊಟ್ಟಗಾಗಿತ್ತು.
ಮಾವ ಯಾವುದೋ ಆಣೆ ಮುರಿದಿದ್ದ.
ಇನ್ನೊಂದು ಮಗು ಇದೆ.
ಪಕ್ಕದ ಮನೆಗೆ ಹೋಗಿ ಜೇನು ಕಡ ಕೇಳಿದಳು,
ಒಂದು ಕುಡಿಕೆ.

ಒಂದು ಕುಡಿಕೆ ಎಷ್ಟು ದೂರ ಹೋಗುತ್ತದೆ?
ಪುಸ್ತಕಗಳಲ್ಲಿ ಇಲ್ಲ.
ಚಮಚ ತಂದು ಕೌಂಟರಿನ ಗಾಜಿನ ಮೇಲೆ ಎಳೆದು ನೋಡಿದೆ:
ಒಂದು ಚಮಚಕ್ಕೆ ಒಂದು ಗೇಣು, ಮೇಲೆ ನಾಲ್ಕು ಬೆರಳು.
ಗುಣಿಸಿದೆ. ಹೊಳೆಗೆ ಮುಟ್ಟುವುದಿಲ್ಲ.
ಅವಳಿಗೂ ಅದು ಗೊತ್ತಿತ್ತು ಅನಿಸಿತು;
ಅದಕ್ಕೇ ಸಣ್ಣಗೆ, ಉಸಿರು ಬಿಗಿಹಿಡಿದು ಎಳೆದಳು.
ಹಾಗೇ ಬರೆದೆ. ಅಂತೆ ಇಲ್ಲ, ನಂಬಿಕೆ ಇಲ್ಲ,
ಬಗ್ಗಿದ ಬೆನ್ನು ಮಾತ್ರ.
ಫೆರಿದುನ್ ಏನೆನ್ನುತ್ತಾನೋ.

ಬೆಳಿಗ್ಗೆ ಶಟರು ಎತ್ತಿದರೆ
ಬಾಗಿಲ ಸಂದಿಯಿಂದ ಗಾಜಿನ ಮೇಲಿನ ಗೆರೆಯ ತನಕ
ಕಟ್ಟಿರುವೆ, ಒಂದರ ಹಿಂದೊಂದು, ದಾರಿ ತಪ್ಪದೆ.
ಬಂದರು, ಅನ್ನುತ್ತಿದ್ದಳು ಅರ್ಪವಿಯ,
ಸೆರಗು ಸರಿಪಡಿಸಿಕೊಳ್ಳುತ್ತ.
ನಾನು ಸ್ಪಿರಿಟ್ ಹಾಕಿ ಒರೆಸಿದೆ.
ಗುರುವಾರ, ತಪಾಸಣೆಯವರು ಬರುವ ದಿನ.
ಹತ್ತೂವರೆಗೆ ಬಂದರು.
ಅವರಿಗೆ ಏನೂ ಸಿಗಲಿಲ್ಲ.